ಗಣತಿಗೆ ಬಂದ ಗಾದಿಲಿಂಗಪ್ಪ

ತೆಕ್ಕಲಕೋಟೆ ದಾಟಿದ ಮೇಲೆ
ಕಾಲುವೆ ದಂಡಿ, ಬೇವಿನ ಮರ,
ಮರದ ಕೆಳಗೆ ಹುಲಿಗೆವ್ವಜ್ಜಿ,
ಅಜ್ಜಿಯ ಸುತ್ತ ಅವಳ ಪರಿವಾರ.

ಒಂದು ಎಮ್ಮೆ, ಹೆಸರು ಮೇಡಂ,
ಕುಂತರೆ ಏಳಲ್ಲ, ಎದ್ದರೆ ಕೂರಲ್ಲ.
ಒಂದು ಕತ್ತೆ, ಹೆಸರು ಹೀರೋ,
ಕರೆದರೆ ಬರಲ್ಲ, ಬೈದರೆ ಹೋಗಲ್ಲ.
ಆಡು ಒಂದು, ಮರಿ ಎರಡು,
ಹುಂಜ ಒಂದು, ಹೇಂಟೆ ಎರಡು.
ಎಷ್ಟಾದವು? ನೀವೇ ಎಣಿಸಿರಿ.
ನಾನೇ ಹೇಳಿದರೆ ಮಜಾ ಇಲ್ಲ.

ಅಲ್ಲಿಗೊಂದಿನ ಟಿವಿಎಸ್ ಮೇಲೆ
ತಲಿಗೆ ಹೆಲ್ಮೆಟ್, ಬಗಲಾಗ ಬುಕ್ಕ,
ಗಣತಿ ಮಾಡಕ ಗಾದಿಲಿಂಗಪ್ಪ
ಬಂದೇ ಬಿಟ್ಟ, ಚಹಾ ಕುಡಿದ, ನಕ್ಕ.

"ಐದೇ ನಿಮಿಷದ ಕೆಲಸ, ಅಜ್ಜೀ!"
"ಬರಕೋರಿ ಸಾಹೇಬ್ರ, ಬರಕೋರಿ,"
ಶೇಂಗಾ ಬಿಡಿಸುತ ಅಂದಳು ಅಜ್ಜಿ,
"ಅವು ನಿಂತರ ತಾನ ಎಣಿಸೋದು, ನೋಡ್ರಿ."

ಹೆಲ್ಮೆಟ್ ತೆಗೆದು ಕಟ್ಟೆಗೆ ಇಟ್ಟ,
ಪೆನ್ನಿನ ಟೊಪ್ಪಿಗಿ ಕಚ್ಚಿ ಬಿಟ್ಟ.
ಒಂದು, ಎರಡು, ಮೂರು, ನಾಕು...
"ಒಂಬತ್ತು!" ಅಂದ ಗಾದಿಲಿಂಗಪ್ಪ.

"ಅಲ್ಲ ಬಿಡ್ರಿ ಸರ್," ಅಂದಳು ಪಂಪಿ,
ಅಜ್ಜಿಯ ಮೊಮ್ಮಗಳು, ಎರಡನೇ ಕ್ಲಾಸು,
ಮುಂದಿನ ಹಲ್ಲು ಎರಡೂ ಇಲ್ಲ,
"ಆ ಮರಿ ಗಿಡ ಸುತ್ತಿ ಎರಡು ಸಲ ಬಂತು!"

ಮತ್ತೆ ಎಣಿಸಿದ. "ಏಳು!" ಅಂದ.
"ಅಲ್ಲ ಬಿಡ್ರಿ ಸರ್, ಕಾಲುವ್ಯಾಗ ನೋಡ್ರಿ,
ನೀರಿನ ಮೇಲೆ ಎರಡು ಗುಳ್ಳೆ.
ಗುಳ್ಳೆ ಕೆಳಗೆ ಮೇಡಂ ಅದಾರ."

ಹಿಂಡಿ ತೋರಿಸಿ ಮೇಡಂನ ಕರೆದರು.
ಬರುವಾಗ ಅರ್ಧ ಕಾಲುವೆ ಜತೆಗೆ ಬಂತು.

ಗಾದಿಲಿಂಗಪ್ಪ ಬೆವರು ಒರೆಸಿದ.
ಬಿಸಿಲು ಅಂದರ ಬಳ್ಳಾರಿ ಬಿಸಿಲು,
ನೆರಳು ಸೈತ ನೆರಳು ಹುಡುಕತಿತ್ತು.
"ತಲಿ ಬ್ಯಾಡ, ಕಾಲು ಎಣಿಸೋಣು," ಅಂದ,
"ತಲಿ ಅಲ್ಲಾಡತಾವ, ಕಾಲು ನೆಲ ಬಿಡಂಗಿಲ್ಲ."

ಬಗ್ಗಿದ, ಕುಂತ, ಕೊನೆಗೆ ಮಲಗಿದ,
ಗಲ್ಲ ನೆಲಕ್ಕೆ ಹಚ್ಚಿ ನೋಡಿದ.
ಗೊರಸಿನ ಕಾಲು, ಉಗುರಿನ ಕಾಲು,
ಕೆಸರಿನ ಕಾಲು, ಒದೆಯುವ ಕಾಲು
(ಅದು ಗೊತ್ತಾಗಿದ್ದು ಸ್ವಲ್ಪ ತಡ).
"ಇಪ್ಪತ್ತೈದು! ಬೆಸ ಬಂತಲ್ಲ!
ನಿಮ್ಮೊಳಗ ಕುಂಟ ಯಾರು, ಹೇಳ್ರಿ?"
ಯಾರೂ ಇಲ್ಲ. ಹುಂಜ ಮಾತ್ರ
ಒಂದು ಕಾಲು ಹೊಟ್ಟೆಗೆ ಮಡಚಿ
ದೊಡ್ಡ ಸನ್ಯಾಸಿ ಹಂಗೆ ನಿಂತಿತ್ತು.

ಎದ್ದು, ಎಲ್ಲರ ನಡುವೆ ನಿಂತು,
ಇನ್ನೊಮ್ಮೆ ಎಣಿಸಿದ. ಇಪ್ಪತ್ತೆಂಟು!
ಬೆರಳು ಮಡಚಿ ಬಿಚ್ಚಿದ ಪಂಪಿ
ಕೇಳಿದಳು, "ಸರ್, ಅದರಾಗ
ಚಪ್ಪಲಿ ಹಾಕಿದ ಕಾಲು ಎಷ್ಟು?"
ಗಾದಿಲಿಂಗಪ್ಪ ಕೆಳಗೆ ನೋಡಿದ.
"ಎರಡು," ಅಂದ, ಸಣ್ಣ ದನಿಯಲಿ.
ಕತ್ತೆ ನಕ್ಕಿತು. ಬಹಳ ಹೊತ್ತು ನಕ್ಕಿತು.

ಎರಡು ಕಳೆದ. ಇಪ್ಪತ್ತಾರು!
ದುಂಡಗೆ ಬರೆದ, ಗೆರೆ ಎಳೆದ,
ಗೆರೆಯ ಕೆಳಗೆ ಸಹಿ ಮಾಡಿದ,
ಸಹಿಯ ಕೆಳಗೆ...
ಚಪ್ಪರ್ ಚಪ್ಪರ್.
ಎಲ್ಲಿಂದ ಬಂತು ಈ ಸಪ್ಪಳ?
ಆಡಿನ ಬಾಯಲಿ ಅರ್ಧ ಹಾಳೆ!

ಓಡಿತು ಆಡು. ಹಿಂದೆ ಸಾಹೇಬ,
ಸಾಹೇಬನ ಹಿಂದೆ ಎರಡು ಮರಿ,
ಮರಿಗಳ ಹಿಂದೆ ಹೀರೋ ಕತ್ತೆ
(ಈ ಸಲ ಕರೆಯದಿದ್ದರೂ ಬಂತು).
ಮೆಣಸಿನಕಾಯಿ ಹರವಿದ ಕಣದಲಿ
ಒಂದು ಸುತ್ತು, ಆಕ್ಷೀ!
ಎರಡು ಸುತ್ತು, ಆಕ್ಷೀ! ಆಕ್ಷೀ!
ಮೂರನೇ ಸುತ್ತಿಗೆ ಹಾಳೆ ನುಂಗಿ
ಆಡು ತುಟಿ ನೆಕ್ಕಿತು.

"ಲೆಕ್ಕ ಹೋತು!" ಕುಸಿದು ಕುಂತ.
"ಎಲ್ಲಿ ಹೋಗತೈತಿ? ಒಳಗ ಐತಿ,"
ಅಂದಳು ಅಜ್ಜಿ, ಶೇಂಗಾ ಕೊಡುತ,
"ನಾಳೆ ಮುಂಜಾನಿ ಬರ್ರಿ ಸಾಹೇಬ್ರ,
ಹಿಕ್ಕಿ ಹಿಕ್ಕಿ ಎಣಿಸಿ ಕೊಡತೀವಿ."

ಹೊಸ ಹಾಳೆಯಲಿ ಮತ್ತೆ ಬರೆದು,
ಬುಕ್ಕು ಅಂಗಿಯ ಒಳಗೆ ತುರುಕಿ,
ಹೊರಟು ನಿಂತ. ಹೆಲ್ಮೆಟ್ ಎತ್ತಿದ.
ಒಳಗೆ ಬೆಚ್ಚಗೆ, ಬೆಳ್ಳಗೆ ಏನೋ!
ದೂರ ನಿಂತ ಹೇಂಟೆ ಒಂದು
ಆಕಾಶ ನೋಡಿತು,
ತನಗೇನೂ ತಿಳಿಯದ ಹಂಗೆ.

ಗಾದಿಲಿಂಗಪ್ಪ ಬುಕ್ಕು ತೆಗೆದ,
ಪೆನ್ನಿನ ಟೊಪ್ಪಿಗಿ ಮತ್ತೆ ಕಚ್ಚಿದ.
"ಪಂಪೀ, ಇದಕ ಕಾಲು ಎಷ್ಟು?"

ಮೊಟ್ಟೆಯನ್ನು ಬಿಸಿಲಿಗೆ ಹಿಡಿದು,
ಒಂದು ಕಣ್ಣು ಮುಚ್ಚಿ ನೋಡಿ,
ಪಂಪಿ ಅಂದಳು,
"ಸದ್ಯಕ ಸೊನ್ನೆ ಬರಕೋರಿ ಸರ್.
ಇಪ್ಪತ್ತೊಂದು ದಿನ ಬಿಟ್ಟು ಬರ್ರಿ.
ಹೆಲ್ಮೆಟ್ ಮಾತ್ರ ಇಲ್ಲೇ ಇರಲಿ."